ನೆರಳು ಹಾಕಲು ಹೋಗಿ ಮಾಸ್ಕ್ ಕಲಿತೆ

ಫೋಟೋಶಾಪ್ ಹಿಡಿದ ಮೊದಲ ಎರಡು ವರ್ಷ ನಾನು ಮಾಸ್ಕ್ (ಚಿತ್ರದ ಭಾಗವನ್ನು ಅಳಿಸದೆ ಮರೆಮಾಡುವ ಮುಸುಕು) ಮುಟ್ಟಲೇ ಇಲ್ಲ. ಹಿನ್ನೆಲೆ ಬೇಡವಾ? ಲ್ಯಾಸೋದಲ್ಲಿ ಸುತ್ತು ಹಾಕಿ ಡಿಲೀಟ್ ಒತ್ತುವುದು. ಅಂಚು ಒರಟಾಯ್ತಾ? ಎರೇಸರ್ ತಗೊಂಡು ಉಜ್ಜುವುದು. ಕೆಲಸ ನಡೀತಿತ್ತು, ಹಾಗಾಗಿ ಬೇರೆ ದಾರಿ ಹುಡುಕುವ ಗೋಜಿಗೆ ಹೋಗಲಿಲ್ಲ.

ಒಂದು ಪೋಸ್ಟರಿಗೆ ನೃತ್ಯ ಮಾಡುವ ಹುಡುಗಿಯ ಫೋಟೋ ಬಿಡಿಸಬೇಕಿತ್ತು. ಹಿನ್ನೆಲೆ ಅಳಿಸುವ ಭರದಲ್ಲಿ ಎಡಗೈಯ ಬೆರಳ ತುದಿಗಳನ್ನೂ ಅಳಿಸಿಬಿಟ್ಟಿದ್ದೆ. ಗೊತ್ತಾಗಲಿಲ್ಲ. ಸೇವ್ ಮಾಡಿ ಮುಚ್ಚಿದೆ. ಮರುದಿನ ಫೋನ್ ಬಂತು: "ಬೆರಳು ಎಲ್ಲಿ ಹೋಯ್ತು?" ಅಂಡೂ ಮಾಡೋಣ ಎಂದರೆ ಫೈಲ್ ಮುಚ್ಚಿದ ಮೇಲೆ ಹಿಸ್ಟರಿ ಉಳಿಯುವುದಿಲ್ಲ. ಮೂಲ ಫೋಟೋ ತರಿಸಿಕೊಂಡು ಮೊದಲಿಂದ ಶುರು ಮಾಡಿದೆ. ಈ ಸಲ ಮಾಸ್ಕ್ ಹಾಕಿಕೊಂಡೆ, ಹೆದರಿಕೆಯಿಂದ.

ಕಪ್ಪು ಬಳಿದರೆ ಮರೆಯಾಗುತ್ತೆ, ಬಿಳಿ ಬಳಿದರೆ ಮತ್ತೆ ಬರುತ್ತೆ. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ. ನನಗೆ ನಿಜವಾಗಿ ಅರ್ಥವಾಗಿದ್ದು ಆಲ್ಟ್ ಒತ್ತಿ ಮಾಸ್ಕಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದಾಗ. ಫೋಟೋ ಮಾಯವಾಗಿ, ಪರದೆ ತುಂಬ ಮಾಸ್ಕ್ ಮಾತ್ರ ಕಂಡಿತು. ಅರೆ, ಇದೂ ಒಂದು ಕಪ್ಪುಬಿಳುಪು ಚಿತ್ರವೇ! 8 ಬಿಟ್ ಫೈಲಿನಲ್ಲಿ 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ, ನಡುವೆ ಬೂದು. ಚಿತ್ರ ಅಂದಮೇಲೆ ಅದಕ್ಕೆ ಲೆವೆಲ್ಸ್ ಹಾಕಿ ಕಪ್ಪುಬಿಳುಪನ್ನು ಹೆಚ್ಚುಕಡಿಮೆ ಮಾಡಬಹುದು, ಬ್ಲರ್ ಮಾಡಬಹುದು, ಬ್ರಶ್ಶಿನಲ್ಲಿ ತಿದ್ದಬಹುದು.

ಸೆಲೆಕ್ಷನ್ (ತಿದ್ದಲು ಆಯ್ದುಕೊಂಡ ಭಾಗ) ಕೂಡ ಅದೇ ಬೂದು ಚಿತ್ರ ಅಂತ ಗೊತ್ತಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಸೆಲೆಕ್ಷನ್ ಸುತ್ತ ಪರದೆಯ ಮೇಲೆ ಇರುವೆ ಸಾಲಿನಂತೆ ಓಡುವ ಆ ತುಂಡು ಗೆರೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಗೆರೆಯ ಒಳಗೆ ಇದೆ, ಹೊರಗೆ ಇಲ್ಲ ಅಂದುಕೊಳ್ಳುತ್ತೇವೆ. ಆದರೆ ಇರುವೆಗಳು ಓಡುವುದು ಶೇಕಡಾ 50ರ ಗಡಿಯಲ್ಲಿ ಮಾತ್ರ. ಅದಕ್ಕಿಂತ ಕಡಿಮೆ ಆಯ್ಕೆಯಾದ ಪಿಕ್ಸೆಲ್‌ಗಳೂ ಹೊರಗೆ ಇರುತ್ತವೆ, ಕಾಣುವುದಿಲ್ಲ ಅಷ್ಟೇ. ಒಂದು ಸಣ್ಣ ವೃತ್ತ ಸೆಲೆಕ್ಟ್ ಮಾಡಿ ಭಾರಿ ಫೆದರ್ ಕೊಟ್ಟು (ಅಂಚನ್ನು ಮೆದುವಾಗಿಸಿ) ನೋಡಿ. ಯಾವ ಪಿಕ್ಸೆಲ್ಲೂ ಅರ್ಧಕ್ಕಿಂತ ಜಾಸ್ತಿ ಆಯ್ಕೆಯಾಗಿಲ್ಲ, ಅಂಚು ಕಾಣಿಸದು ಅಂತ ಎಚ್ಚರಿಕೆ ಬರುತ್ತೆ. ಇರುವೆ ಒಂದೂ ಇಲ್ಲ, ಆದರೂ ಸೆಲೆಕ್ಷನ್ ಇದೆ. ಬಣ್ಣ ಸುರಿದರೆ ತೆಳ್ಳಗೆ ಮೂಡುತ್ತದೆ. ಈಗ ನಾನು ಇರುವೆಗಳನ್ನು ನಂಬುವುದಿಲ್ಲ. ಕ್ಯೂ ಒತ್ತಿ ಕ್ವಿಕ್ ಮಾಸ್ಕಿನ ಕೆಂಪು ಪೊರೆಯಲ್ಲಿ ನೋಡಿಕೊಳ್ಳುತ್ತೇನೆ.

ಇದು ಹೊಸ ವಿಷಯವೇನಲ್ಲ. 1990ರಲ್ಲಿ ಬಂದ ಮೊದಲ ಫೋಟೋಶಾಪಿನಲ್ಲಿ ಒಂದರ ಮೇಲೊಂದು ಚಿತ್ರ ಇಡುವ ಪದರ, ಅಂದರೆ ಲೇಯರೇ ಇರಲಿಲ್ಲ. ಲೇಯರ್ ಬಂದಿದ್ದು 1994ರ 3.0 ಆವೃತ್ತಿಯಲ್ಲಿ, ಲೇಯರಿಗೆ ನೆರಳು ಮುಂತಾದವನ್ನು ಹಾಕುವ ಲೇಯರ್ ಎಫೆಕ್ಟ್ 1998ರ 5.0ರಲ್ಲಿ. ಸೆಲೆಕ್ಷನ್ ಸೇವ್ ಮಾಡಿದರೆ ಇವತ್ತಿಗೂ ಅದು ಚಾನೆಲ್ ಪ್ಯಾನೆಲಿನಲ್ಲಿ ಒಂದು ಬೂದು ಚಾನೆಲ್ (ಮಾಸ್ಕಿನಂಥದ್ದೇ ಬೂದು ಚಿತ್ರ) ಆಗಿ ಕೂರುತ್ತದೆ. ಕಂಟ್ರೋಲ್ ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕೇ ಸೆಲೆಕ್ಷನ್ ಆಗುತ್ತದೆ. ಸೆಲೆಕ್ಷನ್ ಇರುವಾಗ ಮಾಸ್ಕ್ ಬಟನ್ ಒತ್ತಿದರೆ ಸೆಲೆಕ್ಷನ್ನೇ ಮಾಸ್ಕ್.

ಇನ್ನು ಎಫೆಕ್ಟ್. ಆ ಹುಡುಗಿಗೆ ಡ್ರಾಪ್ ಶ್ಯಾಡೋ ಹಾಕಿದೆ. ಗಾಳಿಯಲ್ಲಿ, ಏನೂ ಇಲ್ಲದ ಜಾಗದಲ್ಲಿ, ಕೊಳೆ ಹತ್ತಿದ ಹಾಗೆ ನೆರಳು. ಮಾಸ್ಕ್ ತೆರೆದು ನೋಡಿದರೆ ಅಲ್ಲೆಲ್ಲ ಬಿಳಿ ಚುಕ್ಕೆಗಳು ಉಳಿದಿದ್ದವು. ಎಫೆಕ್ಟಿಗೆ ಹುಡುಗಿ ಯಾರು, ಕಸ ಯಾವುದು ಅಂತ ಗೊತ್ತಿಲ್ಲ. ಮಾಸ್ಕ್ ತೋರಿಸಿದ ಅಂಚನ್ನು ಹಿಡಿದು ನೆರಳು ಬಿಡಿಸುತ್ತೆ, ಅಷ್ಟೇ.

ಈ ತೊಂದರೆಯನ್ನೇ ನಾನು ಉಪಾಯ ಮಾಡಿಕೊಂಡೆ. ಮಾಸ್ಕ್ ಮುಗಿಯಿತು ಅನ್ನಿಸಿದ ತಕ್ಷಣ ಲೇಯರಿಗೆ 3 ಪಿಕ್ಸೆಲ್ ಕೆಂಪು ಸ್ಟ್ರೋಕ್ (ಅಂಚಿನ ಗೆರೆ) ಹಾಕುತ್ತೇನೆ, ಹೊರಗಡೆಗೆ. ಕಣ್ಣಿಗೆ ಬೀಳದಿದ್ದ ಚುಕ್ಕೆಗಳ ಸುತ್ತ ಪುಟ್ಟ ಕೆಂಪು ಬಳೆಗಳು ಮೂಡುತ್ತವೆ. ಎಲ್ಲಿ ಕಂಡರೆ ಅಲ್ಲಿ ಮಾಸ್ಕಿನ ಮೇಲೆ ಕಪ್ಪು ಬಳಿ. ಮುಗಿದ ಮೇಲೆ ಸ್ಟ್ರೋಕಿನ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮುಚ್ಚು. ಒಂದು ಸಲ ಮುಚ್ಚಲು ಮರೆತು ಕೆಂಪು ಗೆರೆ ಸಮೇತ ಕಳಿಸಿದ್ದೂ ಆಗಿದೆ.

ನೆರಳಿನ ಒಂದು ಭಾಗ ಮಾತ್ರ ಬೇಡ ಅಂದಾಗ ಇನ್ನೊಂದು ಪೇಚು. ಮಾಸ್ಕಿನಲ್ಲಿ ನೆರಳಿನ ಜಾಗಕ್ಕೆ ಕಪ್ಪು ಬಳಿದೆ, ಏನೂ ಆಗಲಿಲ್ಲ. ಆಗುವುದಾದರೂ ಹೇಗೆ, ಅಲ್ಲಿ ಮಾಸ್ಕ್ ಮೊದಲೇ ಕಪ್ಪು! ಸ್ವಲ್ಪ ಒಳಗೆ ಬಳಿದರೆ ಹುಡುಗಿಯ ಕಾಲು ಸವೆದು, ನೆರಳು ಹೊಸ ಅಂಚಿಗೆ ಸರಿಯಿತು. ಬ್ಲೆಂಡಿಂಗ್ ಆಪ್ಷನ್ಸ್‌ನಲ್ಲಿ 'ಲೇಯರ್ ಮಾಸ್ಕ್ ಹೈಡ್ಸ್ ಎಫೆಕ್ಟ್ಸ್' ಅಂತ ಒಂದು ಟಿಕ್ ಇದೆ. ಅದನ್ನು ಒತ್ತಿದೆ, ಹೊರಗಿನ ನೆರಳು ಪೂರ್ತಿ ಹೋಯಿತು. ಕೊನೆಗೆ ಕೈ ಹಿಡಿದದ್ದು ಗ್ರೂಪ್, ಅಂದರೆ ಲೇಯರ್‌ಗಳನ್ನು ಒಟ್ಟಿಗೆ ಇಡುವ ಫೋಲ್ಡರ್. ಲೇಯರನ್ನು ಗ್ರೂಪಿನೊಳಗೆ ಹಾಕಿ, ಗ್ರೂಪಿಗೇ ಇನ್ನೊಂದು ಮಾಸ್ಕ್ ಕೊಟ್ಟೆ. ಒಳಗಿನ ಮಾಸ್ಕ್ ಆಕಾರ ಹೇಳುತ್ತೆ, ಹೊರಗಿನದು ನೆರಳನ್ನೂ ಸೇರಿಸಿ ಎಲ್ಲಿ ಕಾಣಬೇಕು ಅಂತ ಹೇಳುತ್ತೆ. ನೆರಳನ್ನು ವಾರೆ ಮಾಡಿ ನೆಲಕ್ಕೆ ಬೀಳಿಸಬೇಕಿದ್ದರೆ ಮಾತ್ರ 'ಕ್ರಿಯೇಟ್ ಲೇಯರ್' ಒತ್ತಿ ನೆರಳನ್ನೇ ಬೇರೆ ಲೇಯರ್ ಮಾಡುತ್ತೇನೆ. ಆಮೇಲೆ ಅದು ಅಂಚಿನ ಜೊತೆ ತಾನಾಗಿ ಸರಿಯುವುದಿಲ್ಲ, ನೆನಪಿರಲಿ.

ಎಲ್ಲ ನೆರಳಿಗೂ ಒಂದೇ ಬೆಳಕಿನ ದಿಕ್ಕು ಕೊಡುವ ಗ್ಲೋಬಲ್ ಲೈಟ್ ಬಗ್ಗೆ ಒಂದು ಮಾತು. ಒಂದು ಲೇಯರಿನ ನೆರಳಿನ ಕೋನ ತಿರುಗಿಸಿದರೆ ಆ ಟಿಕ್ ಇರುವ ಉಳಿದೆಲ್ಲ ನೆರಳುಗಳೂ ತಿರುಗುತ್ತವೆ. ಒಂದೇ ದೃಶ್ಯಕ್ಕೆ ಅದು ಒಳ್ಳೆಯದೇ. ಬೇರೆ ಬೇರೆ ಫೋಟೋ ಜೋಡಿಸಿದ ಪುಟಕ್ಕೆ ತಲೆನೋವು.

ಕೂದಲಿಗೆ ಸೆಲೆಕ್ಟ್ ಅಂಡ್ ಮಾಸ್ಕ್‌ನ ರಿಫೈನ್ ಎಡ್ಜ್ ಬ್ರಶ್ ಸಾಕು. ಉಳಿಯುವ ಹಳೆ ಹಿನ್ನೆಲೆಯ ಬಣ್ಣಕ್ಕೆ ಮೇಲೊಂದು ಕ್ಲಿಪ್ ಮಾಡಿದ (ಕೆಳಗಿನ ಲೇಯರಿನ ಆಕಾರದೊಳಗೆ ಮಾತ್ರ ಕಾಣುವ) ಲೇಯರ್ ಹಾಕಿ, ಕಲರ್ ಮೋಡಿನಲ್ಲಿ ಕೂದಲಿನದೇ ಬಣ್ಣ ಬಳಿಯುತ್ತೇನೆ. ಇಡೀ ಅಂಚಿಗೆ ಒಂದೇ ಫೆದರ್ ಕೊಡುವುದನ್ನು ಬಿಟ್ಟಿದ್ದೇನೆ. ಫೋಕಸ್ ಇರುವ ಭುಜಕ್ಕೂ ಮಸುಕಾದ ಕೈಗೂ ಒಂದೇ ಅಂಚು ಕೊಟ್ಟರೆ ಕತ್ತರಿಸಿ ಅಂಟಿಸಿದ ಹಾಗೇ ಕಾಣುತ್ತೆ ಅಲ್ವಾ? ಗಟ್ಟಿ ಬ್ರಶ್ ಇಲ್ಲಿ, ಮೆದು ಬ್ರಶ್ ಅಲ್ಲಿ, ಕೈಯಲ್ಲೇ ತಿದ್ದುವುದು.

ಗಾಜಿನ ಲೋಟ ಮಾತ್ರ ಇನ್ನೂ ಸತಾಯಿಸುತ್ತದೆ. ಬೂದು ಮಾಸ್ಕ್ ಹಾಕಿದರೆ ಹಿಂದಿನದು ಕಾಣುತ್ತೆ ನಿಜ, ಆದರೆ ಗಾಜಿನ ಹೊಳಪೂ ಜೊತೆಗೆ ಮಂಕಾಗುತ್ತೆ. ಸದ್ಯಕ್ಕೆ ಒಂದೇ ಲೋಟದ ಎರಡು ಪ್ರತಿ ಇಡುತ್ತಿದ್ದೇನೆ. ಕಪ್ಪು ಭಾಗಕ್ಕೆ ಕೆಳಗಿನದನ್ನು ಗಾಢ ಮಾಡುವ ಮಲ್ಟಿಪ್ಲೈ ಮೋಡ್, ಹೊಳಪಿಗೆ ತಿಳಿ ಮಾಡುವ ಸ್ಕ್ರೀನ್ ಮೋಡ್, ಎರಡಕ್ಕೂ ಬೇರೆ ಬೇರೆ ಮಾಸ್ಕ್. ಹತ್ತಿರ ಬಂದಿದೆ, ಆದರೆ ಲೋಟದ ಅಂಚಿನಲ್ಲಿ ಇನ್ನೂ ಒಂದು ತೆಳು ಬಿಳಿ ಗೆರೆ ಉಳಿಯುತ್ತಿದೆ.