ಮೂರು ಗಂಟೆಗೇ ಎಚ್ಚರ: ಅರವತ್ತು ದಾಟಿದವರ ನಿದ್ದೆಯ ಲೆಕ್ಕ ನೋಡುವುದು ಹೇಗೆ?

ಬೆಳಗಿನ ಜಾವ ಮೂರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ನಮ್ಮ ಮನೆಯ ಹಿತ್ತಲ ಬಾಗಿಲಿನ ಚಿಲಕ ಸರಿಯುವ ಸದ್ದು ಕೇಳಿಸುತ್ತಿತ್ತು. ಎಪ್ಪತ್ನಾಲ್ಕರ ನಮ್ಮ ತಂದೆ ಎದ್ದಿದ್ದಾರೆ ಎಂದು ಅದರಿಂದಲೇ ಗೊತ್ತಾಗುತ್ತಿತ್ತು. ಆರು ಗಂಟೆಗೆ ಕಾಫಿ ಲೋಟ ಕೈಗೆ ಕೊಟ್ಟರೆ, "ರಾತ್ರಿಯೆಲ್ಲ ಕಣ್ಣಿಗೆ ನಿದ್ದೆಯೇ ಹತ್ತಲಿಲ್ಲ ಕಣಮ್ಮ" ಎನ್ನುತ್ತಿದ್ದರು. ಎಷ್ಟೋ ತಿಂಗಳು ನಾವೂ ಅದನ್ನು ಹಾಗೆಯೇ ನಂಬಿ, ನಿದ್ದೆಗೊಂದು ಮಾತ್ರೆ ಬರೆಸಿಕೊಂಡು ಬರಬೇಕೆಂದು ಯೋಚಿಸುತ್ತಿದ್ದೆವು. ಕೊನೆಗೊಂದು ದಿನ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ವಾರದ ಲೆಕ್ಕ ಬರೆದಿಟ್ಟಾಗ ತಿಳಿದ ಸಂಗತಿಯೇ ಬೇರೆ. ಆ ಲೆಕ್ಕವನ್ನು ಹೇಗೆ ಬರೆಯಬೇಕು, ಬರೆದದ್ದನ್ನು ಹೇಗೆ ಓದಬೇಕು, ಓದಿದ ಮೇಲೆ ಯಾವುದನ್ನು ಸರಿಪಡಿಸಬಹುದು ಮತ್ತು ಯಾವುದನ್ನು ವಯಸ್ಸಿನ ಪಾಲಿಗೆ ಬಿಡಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲ ಹೆಜ್ಜೆ: ಒಂದು ವಾರ ಬರೆದಿಡಿ

ಒಂದು ಹಾಳೆಯಲ್ಲಿ ಪ್ರತಿದಿನಕ್ಕೂ ಒಂದು ಸಾಲು ಎಳೆದುಕೊಳ್ಳಿ. ಮಲಗಿದ ಸಮಯ, ಹೆಚ್ಚುಕಡಿಮೆ ಜೊಂಪು ಹತ್ತಿದ ಸಮಯ, ನಡುವೆ ಎದ್ದದ್ದು ಎಷ್ಟು ಸಲ ಮತ್ತು ಯಾಕೆ, ಬೆಳಗ್ಗೆ ಕೊನೆಯದಾಗಿ ಎಚ್ಚರವಾದ ಸಮಯ, ಹಾಸಿಗೆ ಬಿಟ್ಟ ಸಮಯ, ಇಷ್ಟು ಸಾಕು. ಇದರ ಜೊತೆಗೆ ಹೆಚ್ಚಿನವರು ಬರೆಯಲು ಮರೆಯುವ ಒಂದು ಕಲಂ ಇದೆ: ಹಗಲಿನ ನಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅಡ್ಡಾದದ್ದು, ಪತ್ರಿಕೆ ಮಡಿಲಲ್ಲಿ ಇಟ್ಟುಕೊಂಡೇ ತೂಕಡಿಸಿದ್ದು, ಸಂಜೆ ಧಾರಾವಾಹಿಯ ಮುಂದೆ ಕುರ್ಚಿಯಲ್ಲಿ ತಲೆ ವಾಲಿದ್ದು, ಎಲ್ಲವೂ ಅದರೊಳಗೆ ಬರಬೇಕು. ಮಧ್ಯರಾತ್ರಿ ಗಡಿಯಾರ ನೋಡಿ ಬರೆಯುವ ಅಗತ್ಯವಿಲ್ಲ, ನೋಡಲೂಬಾರದು. ಬೆಳಗ್ಗೆ ನೆನಪಿನಿಂದ ಅಂದಾಜು ಬರೆದರೆ ಸಾಕು.

ನಮ್ಮ ತಂದೆಯವರ ಒಂದು ದಿನದ ಸಾಲು ಹೀಗಿತ್ತು. ರಾತ್ರಿ 8.15ಕ್ಕೆ ಮಲಗಿದರು, 8.30ಕ್ಕೆ ಗೊರಕೆ ಕೇಳಿಸಿತು. 12.20ಕ್ಕೆ ಬಾತ್‌ರೂಮಿಗೆ ಎದ್ದು ಮತ್ತೆ ನಿದ್ದೆ ಹತ್ತಲು 20 ನಿಮಿಷ ಹಿಡಿಯಿತು. 2.50ಕ್ಕೆ ಪೂರ್ತಿ ಎಚ್ಚರವಾದರು. ಅಂದರೆ ರಾತ್ರಿಯ ನಿದ್ದೆ 6 ಗಂಟೆ. ಮಧ್ಯಾಹ್ನ 1.30ರಿಂದ 2.40ರವರೆಗೆ ಮಲಗಿದ್ದು 1 ಗಂಟೆ 10 ನಿಮಿಷ, ಸಂಜೆ ಕುರ್ಚಿಯಲ್ಲಿ ಅರ್ಧ ಗಂಟೆ. ಒಟ್ಟು 7 ಗಂಟೆ 40 ನಿಮಿಷ. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಷನ್ 2015ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ 65 ದಾಟಿದವರಿಗೆ ಹೇಳಿರುವುದು 7ರಿಂದ 8 ಗಂಟೆ. ಕಣ್ಣಿಗೆ ನಿದ್ದೆಯೇ ಹತ್ತಲಿಲ್ಲ ಎನ್ನುವವರ ಲೆಕ್ಕ ಭರ್ತಿಯಾಗಿಯೇ ಇತ್ತು! ಹಾಗೆಂದು ಅವರ ದೂರು ಸುಳ್ಳಲ್ಲ. ಆ ನಿದ್ದೆ ಚೂರುಚೂರಾಗಿ ಹಂಚಿಹೋಗಿತ್ತು, ತೆಳುವಾಗಿತ್ತು, ಊರೆಲ್ಲ ಮಲಗಿರುವ ಹೊತ್ತಿಗೆ ಮುಗಿದೇ ಹೋಗುತ್ತಿತ್ತು.

ಎರಡನೆಯ ಹೆಜ್ಜೆ: ವಯಸ್ಸು ಮಾಡುವುದೇನು ಎಂದು ತಿಳಿದುಕೊಳ್ಳಿ

ರಾತ್ರಿಯ ನಿದ್ದೆ ಒಂದೇ ಹಾಸಲ್ಲ. ಸುಮಾರು 90 ನಿಮಿಷಕ್ಕೊಂದರಂತೆ ನಾಲ್ಕೈದು ಸುತ್ತುಗಳಲ್ಲಿ ಅದು ಸಾಗುತ್ತದೆ, ಪ್ರತಿ ಸುತ್ತಿನಲ್ಲೂ ತೆಳು ನಿದ್ದೆ, ಗಾಢ ನಿದ್ದೆ ಮತ್ತು ಕನಸಿನ ನಿದ್ದೆ ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ವಯಸ್ಸಿನ ಪೆಟ್ಟು ಮೊದಲು ಬೀಳುವುದು ಗಾಢ ನಿದ್ದೆಗೆ. ಅದು ಅರವತ್ತಕ್ಕೆ ಶುರುವಾಗುವ ಸಂಗತಿಯಲ್ಲ, ನಡುವಯಸ್ಸಿನ ಹೊತ್ತಿಗಾಗಲೇ ಸಾಕಷ್ಟು ಕರಗಿರುತ್ತದೆ, ಗಂಡಸರಲ್ಲಿ ಇನ್ನೂ ಹೆಚ್ಚು. ಪಕ್ಕದ ಬೀದಿಯಲ್ಲಿ ಪಟಾಕಿ ಸಿಡಿದರೂ ಮೊಮ್ಮಗ ಅಲುಗಾಡದೆ ಮಲಗಿರುವಾಗ, ಅಜ್ಜಿ ಫ್ರಿಜ್ಜಿನ ಮೋಟಾರು ಶುರುವಾದ ಸದ್ದಿಗೇ ಕಣ್ಣು ಬಿಡುವುದು ಇದೇ ಕಾರಣಕ್ಕೆ: ಆಕೆಯ ರಾತ್ರಿಯ ಹೆಚ್ಚಿನ ಭಾಗ ತೆಳು ನಿದ್ದೆಯಲ್ಲೇ ಕಳೆಯುತ್ತದೆ.

2004ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯ ಪ್ರಕಾರ, ವಯಸ್ಕರ ರಾತ್ರಿಯ ನಿದ್ದೆ ದಶಕಕ್ಕೆ ಸುಮಾರು 10 ನಿಮಿಷದಂತೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅದೇ ವಿಶ್ಲೇಷಣೆ ಕಂಡ ಇನ್ನೊಂದು ಸಂಗತಿ: ಈ ಬದಲಾವಣೆಗಳಲ್ಲಿ ಹೆಚ್ಚಿನವು ಅರವತ್ತರೊಳಗೇ ಆಗಿ ಮುಗಿದಿರುತ್ತವೆ. ಅಲ್ಲಿಂದಾಚೆ, ಆರೋಗ್ಯವಾಗಿರುವವರಲ್ಲಿ, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾಗಿ ನಿದ್ದೆ ಮಾಡಿದ ಪಾಲು ಮಾತ್ರ ನಿಧಾನವಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಅರವತ್ತೆಂಟರಲ್ಲಿ ಒಂದೇ ವರ್ಷದೊಳಗೆ ನಿದ್ದೆ ದಿಢೀರನೆ ಕೆಟ್ಟರೆ, "ವಯಸ್ಸಾಯಿತಲ್ಲ, ಇನ್ನೇನು" ಎಂದು ಕೈಬಿಡುವುದು ತಪ್ಪು. ಅದರ ಹಿಂದೆ ಬೇರೇನೋ ಇರುತ್ತದೆ, ಹುಡುಕಬೇಕು.

ಹೀಗೆ ಆಗುವುದೇಕೆ? ಮೆದುಳಿನಲ್ಲಿ ನಿದ್ದೆಗೆ ಎರಡು ಹಿಡಿತಗಳಿವೆ ಎಂದು 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ಮೊದಲನೆಯದು ಎಚ್ಚರವಿದ್ದಷ್ಟೂ ಹೊತ್ತು ಏರುತ್ತಾ ಹೋಗುವ ನಿದ್ದೆಯ ಹಸಿವು. ಎರಡನೆಯದು ದೇಹದ ಗಡಿಯಾರ. ಕಣ್ಣಿನ ಎರಡು ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ, ಇಡೀ ದೇಹಕ್ಕೆ ಹಗಲು ರಾತ್ರಿಯ ವೇಳೆ ಹೇಳುವುದು ಅದೇ. ವಯಸ್ಸಾದಂತೆ ಹಸಿವು ಮಂದವಾಗುತ್ತದೆ, ಗಡಿಯಾರ ಸ್ವಲ್ಪ ಮುಂದಕ್ಕೆ ಓಡುತ್ತದೆ ಮತ್ತು ಅದರ ಬಡಿತ ಮೆತ್ತಗಾಗುತ್ತದೆ. ಸಂಜೆ ಏಳೂವರೆಗೇ ಆಕಳಿಕೆ, ಮೂರಕ್ಕೇ ಎಚ್ಚರ. ಇದಲ್ಲದೆ ನಿದ್ದೆಗೆ ಇಳಿಸುವ ಕೆಲಸದ ನರಕೋಶಗಳೇ ಕಡಿಮೆಯಾಗುತ್ತವೆ. ತೀರಿಕೊಂಡ ವೃದ್ಧರ ಮೆದುಳನ್ನು ಪರೀಕ್ಷಿಸಿದ 2014ರ ಒಂದು ಅಧ್ಯಯನದಲ್ಲಿ, ಈ ಕೋಶಗಳು ಯಾರಲ್ಲಿ ಕಡಿಮೆ ಉಳಿದಿದ್ದವೋ ಅವರ ನಿದ್ದೆ ಬದುಕಿದ್ದಾಗ ಹೆಚ್ಚು ತುಂಡಾಗಿತ್ತು ಎಂದು ಕಂಡುಬಂದಿತು.

ಗಡಿಯಾರ ತಪ್ಪುವುದರಲ್ಲಿ ಕಣ್ಣಿನದೂ ಪಾಲಿದೆ. ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು, ಅದರಲ್ಲೂ ನೀಲಿ ಬೆಳಕು. ಕಣ್ಣಿನ ಮಸೂರ ವರ್ಷ ಕಳೆದಂತೆ ಹಳದಿಗಟ್ಟಿ ಅದನ್ನೇ ತಡೆಯುತ್ತದೆ, ಪೊರೆ ಬಂದರೆ ಕೇಳುವುದೇ ಬೇಡ. ಇದರ ಮೇಲೆ ದಿನವಿಡೀ ಹಜಾರದೊಳಗೇ ಕುಳಿತಿದ್ದರೆ ಸಿಗುವ ಬೆಳಕು ಎಷ್ಟೆಂದರೆ, ಟ್ಯೂಬ್‌ಲೈಟಿನ ಕೆಳಗೆ ನೂರು, ಇನ್ನೂರು, ಮುನ್ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ). ಮೋಡ ಕವಿದ ದಿನವೂ ಅಂಗಳದಲ್ಲಿ ಅದು ಸಾವಿರಗಳಲ್ಲಿರುತ್ತದೆ.

ಮೂರನೆಯ ಹೆಜ್ಜೆ: ಬೆಳಕನ್ನು ಸರಿಯಾದ ಹೊತ್ತಿಗೆ ಕೊಡಿ

"ಬೆಳಗಿನ ಎಳೆಬಿಸಿಲಿಗೆ ಹೋಗಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ರಾತ್ರಿ ಹನ್ನೆರಡಾದರೂ ನಿದ್ದೆ ಬಾರದವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಎಂಟಕ್ಕೆ ಮಲಗಿ ಮೂರಕ್ಕೆ ಏಳುವವರ ಗಡಿಯಾರವನ್ನು ಬೆಳಗಿನ ಬೆಳಕು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಅಂಥವರಿಗೆ ಬೇಕಾದದ್ದು ಸಂಜೆಯ ಬೆಳಕು. ನಾಲ್ಕೂವರೆಯಿಂದ ಆರರ ನಡುವೆ ಒಂದು ಗಂಟೆ ಹೊರಗೆ ನಡೆದಾಡಲಿ, ಇಲ್ಲವೇ ಜಗಲಿಯ ಮೇಲೋ ತಾರಸಿಯಲ್ಲೋ ಕೂರಲಿ. ಮನೆಯೊಳಗಿನ ದೀಪಗಳು ಒಂಬತ್ತರವರೆಗೂ ಪ್ರಖರವಾಗಿಯೇ ಇರಲಿ. ಮೂರಕ್ಕೆ ಎದ್ದರೆ ದೊಡ್ಡ ದೀಪ ಹಾಕಬಾರದು, ಮೊಬೈಲಿನಲ್ಲಿ ಭಜನೆ ಹುಡುಕುತ್ತಾ ಪರದೆ ನೋಡಲೂಬಾರದು. ತಂದೆಯವರ ವಾಕಿಂಗನ್ನು ಬೆಳಗ್ಗೆಯಿಂದ ಸಂಜೆಗೆ ಬದಲಾಯಿಸುವುದೇ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟವಾದ ಕೆಲಸ, ಏಕೆಂದರೆ ಪಾರ್ಕಿನ ಗೆಳೆಯರೆಲ್ಲ ಬೆಳಗಿನವರು.

ನಾಲ್ಕನೆಯ ಹೆಜ್ಜೆ: ಹಾಸಿಗೆಯ ಹೊತ್ತನ್ನು ಕಡಿಮೆ ಮಾಡಿ

ನಿದ್ದೆ ಸಾಲದು ಎನಿಸಿದವರು ಸಾಮಾನ್ಯವಾಗಿ ಬೇಗ ಮಲಗಲು ಹೋಗುತ್ತಾರೆ. ಇರುವ ಹಿಟ್ಟನ್ನೇ ದೊಡ್ಡ ಕಾವಲಿಯ ತುಂಬಾ ಹರಡಿದರೆ ದೋಸೆ ಹೆಚ್ಚಾಗುವುದಿಲ್ಲ, ತೆಳುವಾಗಿ ಅಲ್ಲಲ್ಲಿ ತೂತು ಬೀಳುತ್ತದೆ. ಆರು ಗಂಟೆಯ ನಿದ್ದೆಯನ್ನು ಒಂಬತ್ತು ಗಂಟೆಯ ಹಾಸಿಗೆಯಲ್ಲಿ ಹರಡಿದಾಗ ಆಗುವುದೂ ಅದೇ. ಆದ್ದರಿಂದ ವಾರದ ಹಾಳೆಯಿಂದ ರಾತ್ರಿಯ ನಿದ್ದೆಯ ಸರಾಸರಿ ತೆಗೆದು, ಅದಕ್ಕೆ ಅರ್ಧ ಗಂಟೆ ಸೇರಿಸಿ, ಅಷ್ಟು ಹೊತ್ತು ಮಾತ್ರ ಹಾಸಿಗೆಯಲ್ಲಿ ಇರುವಂತೆ ನೋಡಿಕೊಳ್ಳಬೇಕು. ಸರಾಸರಿ 6 ಗಂಟೆಯಿದ್ದು, ಬೆಳಗ್ಗೆ 5ಕ್ಕೆ ಏಳುವುದು ಬೇಕಿದ್ದರೆ ಮಲಗುವ ಸಮಯ ರಾತ್ರಿ 10.30. ಒಮ್ಮೆಲೇ ಅಲ್ಲಿಗೆ ಜಿಗಿಯದೆ ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಮುಂದೂಡುವುದು ಹಿರಿಯರಿಗೆ ಸುಲಭ. ಹಾಸಿಗೆಯ ಹೊತ್ತು ಎಷ್ಟೇ ಕಡಿಮೆಯಾದರೂ ಐದೂವರೆ ಗಂಟೆಗಿಂತ ಕೆಳಗೆ ಇಳಿಯಬಾರದು. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ಪದೇ ಪದೇ ಬೀಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಎರಡು ವಾರ ನಿದ್ದೆ ಗಟ್ಟಿಯಾಗಿ ಬಂದ ಮೇಲೆ ವಾರಕ್ಕೆ 15 ನಿಮಿಷ ಹೆಚ್ಚಿಸಿಕೊಳ್ಳಬಹುದು.

ಇದು ಮನೆಮದ್ದಲ್ಲ. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿದ ವರ್ತನಾ ಚಿಕಿತ್ಸೆಯ ಒಂದು ಭಾಗ. ಅದರದೇ ಇನ್ನೊಂದು ಭಾಗ: ಸುಮಾರು 20 ನಿಮಿಷ ಹೊರಳಾಡಿದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆಯತೊಡಗಿದಾಗ ಮಾತ್ರ ಮರಳಿ ಬರುವುದು. ಇದನ್ನು ಮಾಡುವ ಮನೆಯಲ್ಲಿ ಹಾಸಿಗೆಯಿಂದ ಬಾತ್‌ರೂಮಿನವರೆಗೆ ನೆಲಮಟ್ಟದಲ್ಲಿ ಒಂದು ಸಣ್ಣ ದೀಪ ಇರಬೇಕು, ದಾರಿಯಲ್ಲಿ ಕಾಲೊರೆಸುವ ಬಟ್ಟೆ ಇರಬಾರದು.

ಮಧ್ಯಾಹ್ನದ ನಿದ್ದೆಯನ್ನು ಪೂರ್ತಿ ಬಿಡಿಸಲು ಹೋಗಬೇಡಿ, ಜಗಳವಾಗುತ್ತದೆ. ಮೂರು ಗಂಟೆಯೊಳಗೆ, ಅಲಾರಂ ಇಟ್ಟು 30 ನಿಮಿಷ. ಸಂಜೆಯ ತೂಕಡಿಕೆಯನ್ನು ಮಾತ್ರ ಖಂಡಿತ ತಪ್ಪಿಸಬೇಕು, ಅದು ರಾತ್ರಿಗೆ ಕೂಡಿಬಂದ ಹಸಿವನ್ನು ಊಟಕ್ಕೆ ಮೊದಲೇ ತಿಂಡಿ ತಿಂದಂತೆ ಕೆಡಿಸುತ್ತದೆ. ಕಾಫಿಯ ವಿಚಾರವೂ ಹೀಗೆಯೇ: ಕೆಫೀನ್ ಆ ಹಸಿವಿನ ಸಂಕೇತವನ್ನೇ ಮೆದುಳಿಗೆ ಮುಟ್ಟದಂತೆ ತಡೆಯುತ್ತದೆ, ಕುಡಿದದ್ದರಲ್ಲಿ ಅರ್ಧ ರಕ್ತದಿಂದ ಇಳಿಯಲು ಐದಾರು ಗಂಟೆ ಬೇಕು. ಐದರ ಫಿಲ್ಟರ್ ಕಾಫಿ ಹತ್ತೂವರೆಗೂ ಅರ್ಧ ಲೋಟದಷ್ಟು ಒಳಗೇ ಇರುತ್ತದೆ.

ಯೋಗದ ಬಗ್ಗೆ ಬೆಂಗಳೂರಿನದೇ ಒಂದು ಅಧ್ಯಯನವಿದೆ. ಇಲ್ಲಿನ ವಿವೇಕಾನಂದ ಯೋಗ ಸಂಸ್ಥೆಯ ಸಂಶೋಧಕರು ವೃದ್ಧಾಶ್ರಮವೊಂದರ 69 ಮಂದಿಯನ್ನು ಮೂರು ಗುಂಪು ಮಾಡಿ ಆರು ತಿಂಗಳು ಗಮನಿಸಿ 2005ರಲ್ಲಿ ಪ್ರಕಟಿಸಿದ ವರದಿಯಂತೆ, ಯೋಗ ಮಾಡಿದ ಗುಂಪಿನವರಿಗೆ ಸುಮಾರು 10 ನಿಮಿಷ ಬೇಗ ನಿದ್ದೆ ಹತ್ತಿತು, ನಿದ್ದೆಯ ಹೊತ್ತು ಸುಮಾರು ಒಂದು ಗಂಟೆ ಹೆಚ್ಚಿತು. ಅದು ಅವರೇ ಹೇಳಿದ ಲೆಕ್ಕ, ಯಂತ್ರ ಅಳೆದದ್ದಲ್ಲ ಎಂಬುದನ್ನು ನೆನಪಿಟ್ಟುಕೊಂಡರೂ, ಖರ್ಚಿಲ್ಲದ ದಾರಿ.

ಐದನೆಯ ಹೆಜ್ಜೆ: ರಾತ್ರಿ ಎಬ್ಬಿಸುವುದು ಏನೆಂದು ನೋಡಿ

ಹಾಳೆಯಲ್ಲಿ "ಯಾಕೆ ಎದ್ದರು" ಎಂಬ ಕಲಮಿನಲ್ಲಿ ಬಾತ್‌ರೂಮು ಎಂದೇ ತುಂಬಿದ್ದರೆ ಹುಡುಕಾಟ ಬೇರೆ ಕಡೆ ತಿರುಗಬೇಕು. ರಾತ್ರಿ ಹೊತ್ತು ಮೂತ್ರದ ಪ್ರಮಾಣವನ್ನು ತಗ್ಗಿಸುವ ಹಾರ್ಮೋನು ವಯಸ್ಸಾದವರಲ್ಲಿ ಇಳಿಯುತ್ತದೆ. ದಿನವಿಡೀ ಕಾಲು ಇಳಿಬಿಟ್ಟು ಕುಳಿತವರ ಪಾದದಲ್ಲಿ ಇಳಿದು ನಿಂತ ನೀರು, ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಸಂಜೆ ಕಾಲಿನ ಮೇಲೆ ಕಾಲುಚೀಲದ ಗುರುತು ಆಳವಾಗಿ ಬಿದ್ದಿದ್ದರೆ, ಮಧ್ಯಾಹ್ನ ಒಂದು ಗಂಟೆ ದಿಂಬಿನ ಮೇಲೆ ಕಾಲು ಎತ್ತಿಟ್ಟುಕೊಂಡು ಒರಗುವುದರಿಂದ ಆ ಕೆಲಸ ಹಗಲಲ್ಲೇ ಮುಗಿಯುತ್ತದೆ. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆ ಮತ್ತು ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ತಪಾಸಣೆ ಬಾಕಿಯಿದ್ದರೆ ಮಾಡಿಸಿ.

ಮಾತ್ರೆಯ ಡಬ್ಬಿಯನ್ನೂ ಒಮ್ಮೆ ಸುರಿದು ನೋಡಬೇಕು. ಯಾವಾಗಲೋ ಒಂದು ಸಾವಿನ ಮನೆಯ ದುಃಖಕ್ಕೆ ಹತ್ತು ದಿನವೆಂದು ಬರೆದುಕೊಟ್ಟ ಆಲ್ಪ್ರಜೋಲಾಮ್ ಅಥವಾ ಕ್ಲೋನಾಜೆಪಾಮ್‌ನಂಥ ನಿದ್ದೆ ಬರಿಸುವ ಮಾತ್ರೆ, ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ಮುಂದುವರಿದಿರುವುದು ಅಪರೂಪವಲ್ಲ. ಈ ಬಗೆಯ ಮಾತ್ರೆಗಳು ವೃದ್ಧರಲ್ಲಿ ಮಂಪರು, ಮರೆವು, ಬೀಳುವಿಕೆ ಮತ್ತು ಸೊಂಟದ ಮೂಳೆ ಮುರಿತವನ್ನು ಹೆಚ್ಚಿಸುತ್ತವೆಂದೇ ಇವನ್ನು ಆದಷ್ಟು ದೂರವಿಡಬೇಕೆಂದು ವೃದ್ಧಾಪ್ಯ ವೈದ್ಯರ ಪಟ್ಟಿಗಳು ಹೇಳುತ್ತವೆ. ಹಾಗೆಂದು ಇದನ್ನು ಓದಿ ಇವತ್ತೇ ನಿಲ್ಲಿಸಿಬಿಟ್ಟರೆ ಅಪಾಯ. ದಿಢೀರನೆ ಬಿಟ್ಟರೆ ನಡುಕ, ಗಾಬರಿ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ವೈದ್ಯರ ಕೈಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ನಿದ್ದೆ ಬರಲೆಂದು ನೆಗಡಿ ಮಾತ್ರೆ ನುಂಗುವ ಅಭ್ಯಾಸವೂ ಕೆಲವರಿಗಿದೆ. ಅದು ಹಿರಿಯರಲ್ಲಿ ಗೊಂದಲ ಉಂಟುಮಾಡುತ್ತದೆ, ಮೂತ್ರ ಕಟ್ಟಿಸುತ್ತದೆ.

ಕೊನೆಯ ಹೆಜ್ಜೆ: ವೈದ್ಯರ ಬಳಿ ಯಾರು, ಏನನ್ನು ಹಿಡಿದು ಹೋಗಬೇಕು?

ಕೆಲವು ಲಕ್ಷಣಗಳಿಗೆ ಮೇಲಿನ ಯಾವ ಉಪಾಯವೂ ಸಾಲದು. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಉಸಿರು ಕಟ್ಟಿದವರಂತೆ ಬೆಚ್ಚಿ ಎಳೆದುಕೊಳ್ಳುವುದು. ಸಂಜೆಯಾದಂತೆ ಕಾಲಿನೊಳಗೆ ಏನೋ ಹರಿದಂತಾಗಿ ಆಡಿಸದೆ ಇರಲಾಗದಿರುವುದು, ಇದರ ಹಿಂದೆ ಎಷ್ಟೋ ಸಲ ಕಬ್ಬಿಣದಂಶದ ಕೊರತೆಯಿರುತ್ತದೆ. ಕನಸಿನಲ್ಲಿ ಕೂಗಿ, ಒದ್ದು, ಪಕ್ಕದವರಿಗೆ ಪೆಟ್ಟು ಕೊಡುವುದು, ಇದು ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮುಂಚೆಯೇ ಕಾಣಿಸಿಕೊಳ್ಳಬಹುದಾದ ಸೂಚನೆ. ನಸುಕಿನಲ್ಲಿ ಎಚ್ಚರವಾದಾಗ ಬದುಕೇ ಬೇಡವೆನಿಸುವುದು, ಇದು ನಿದ್ದೆಯ ತೊಂದರೆಯಲ್ಲ, ಖಿನ್ನತೆ. ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಉಸಿರು ಕಟ್ಟುವ ಗೊರಕೆ ಹೆಚ್ಚುತ್ತದೆ, ಆದರೆ ಅಮ್ಮಂದಿರ ಗೊರಕೆಯನ್ನು ಮನೆಯಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮತ್ತು ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ವ್ಯವಸ್ಥೆಯಿದೆ.

ಹೋಗುವಾಗ ವಾರದ ಹಾಳೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳು, ಮೊಬೈಲಿನಲ್ಲಿ ಎರಡು ನಿಮಿಷದ ಗೊರಕೆಯ ಧ್ವನಿಮುದ್ರಣ ಇರಲಿ. ಪಕ್ಕದಲ್ಲಿ ಮಲಗುವವರು ಜೊತೆಗೆ ಬರಲೇಬೇಕು. ತಂದೆಯವರು ನಾಲ್ಕು ವಾರದ ನಂತರ ಹತ್ತೂಕಾಲಿಗೆ ಮಲಗಿ ನಾಲ್ಕೂವರೆಗೆ ಏಳುವ ಹಂತಕ್ಕೆ ಬಂದಿದ್ದರು. ವೈದ್ಯರು ಗೊರಕೆಯ ಬಗ್ಗೆ ಕೇಳಿದಾಗ "ಅಂಥದ್ದೇನೂ ಇಲ್ಲ" ಎಂದರು. ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ತಾಯಿ ಏನೂ ಮಾತಾಡದೆ ಕೈಚೀಲದಿಂದ ಮೊಬೈಲು ತೆಗೆದು ಮೇಜಿನ ಮೇಲಿಟ್ಟರು.