ವೇಳಾಪಟ್ಟಿಯನ್ನು ಹೆಸರುವಾರು ಓದಿ

ಕಚೇರಿಗಳ ಒಳಾಂಗಣ ಕೆಲಸಕ್ಕೆ ವೇಳಾಪಟ್ಟಿ ಹಾಕುವುದು ನನ್ನ ಉದ್ಯೋಗ. ಕೆಲಸಗಳೆಲ್ಲ ದಿನಾಂಕಕ್ಕೆ ಸರಿಯಾಗಿ ಕೂತ ಮೇಲೂ ನಾನು ಅದನ್ನು ಯಾರಿಗೂ ಕಳುಹಿಸುವುದಿಲ್ಲ. ಯಾರ ಮೇಲೆ ಎಷ್ಟು ಹೊರೆ ಬಿದ್ದಿದೆ ಎಂದು ಮೊದಲು ಹೆಸರುವಾರು ತಿರುಗಿಸಿ ನೋಡುತ್ತೇನೆ. ವೇಳಾಪಟ್ಟಿ ಹಾಕುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ‘ರಿಸೋರ್ಸ್ ಯೂಸೇಜ್’ ಪುಟದಲ್ಲಿ ಹೊರೆ ಮೀರಿದವರ ಹೆಸರು ಕೆಂಪಾಗಿ ಕಾಣುತ್ತದೆ. ಎಕ್ಸೆಲ್ ಆದರೂ ಸಾಕು: ಎಡಕ್ಕೆ ಹೆಸರು, ಮೇಲೆ ದಿನ, ಒಳಗೆ ಗಂಟೆ.

ದಿನಕ್ಕೆ 8 ಗಂಟೆ ತುಂಬಬೇಡಿ. ನಾನು 6 ಹಾಕುತ್ತೇನೆ. ಸಭೆ, ಫೋನ್, ಬೇರೆಯವರ ಸಂದೇಹಗಳಿಗೂ ಹೊತ್ತು ಬೇಕಲ್ಲ. ಬೆಳಿಗ್ಗೆ ಪೀಣ್ಯ, ಮಧ್ಯಾಹ್ನ ವೈಟ್‌ಫೀಲ್ಡ್ ಎಂದು ಒಬ್ಬರಿಗೇ ಬರೆಯುವುದಂತೂ ಅನ್ಯಾಯ. ಊರಿನ ಆ ತುದಿಯಿಂದ ಈ ತುದಿಗೆ ಹೋಗುವಷ್ಟರಲ್ಲೇ ಅರ್ಧ ದಿನ ಮುಗಿದಿರುತ್ತದೆ. ಯುಗಾದಿ, ಆಯುಧಪೂಜೆ, ನವೆಂಬರ್ 1 ಇವನ್ನೂ ಕ್ಯಾಲೆಂಡರ್‌ನಲ್ಲಿ ನೀವೇ ಗುರುತು ಹಾಕಬೇಕು, ತಂತ್ರಾಂಶ ತಾನಾಗಿ ಹಾಕುವುದಿಲ್ಲ.

ಈಗ ಒಂದು ವಾರ ನೋಡೋಣ. ವೈರಿಂಗ್ ನಕ್ಷೆಯ ಪರಿಶೀಲನೆ ಸೋಮವಾರದಿಂದ ಶುಕ್ರವಾರದವರೆಗೆ, ದಿನಕ್ಕೆ 6 ಗಂಟೆ. ಇನ್ನೊಂದು ಕಟ್ಟಡದ ಬಿಲ್ ತಾಳೆ ನೋಡುವುದು ಬುಧವಾರದವರೆಗೆ, ದಿನಕ್ಕೆ 3 ಗಂಟೆ. ಎರಡೂ ಒಬ್ಬರೇ ಎಂಜಿನಿಯರ್ ಪಾಲಿಗೆ ಬಂದಿವೆ. ಮೂರು ದಿನ ಶೇ. 150 ಹೊರೆ. ಯಾವುದನ್ನು ಸರಿಸಬೇಕು? ಯಾರು ಜೋರಾಗಿ ಕೇಳುತ್ತಾರೋ ಅವರ ಕೆಲಸ ಮೊದಲು ಎನ್ನುವ ರೂಢಿಯನ್ನು ಬಿಡಿ. ಯಾವ ಕೆಲಸಕ್ಕೆ ಬಿಡುವಿದೆ, ಅಂದರೆ ಯಾವುದು ತಡವಾದರೂ ಕೊನೆಯ ದಿನ ಕೆಡುವುದಿಲ್ಲ ಎಂದು ನೋಡಿ. ನಕ್ಷೆಗೆ ಒಪ್ಪಿಗೆ ಸಿಗದೆ ವೈರಿಂಗ್ ಇಲ್ಲ, ವೈರಿಂಗ್ ಮುಗಿಯದೆ ಫಾಲ್ಸ್ ಸೀಲಿಂಗ್ ಮುಚ್ಚುವಂತಿಲ್ಲ. ನಕ್ಷೆಯ ಪರಿಶೀಲನೆ ಒಂದು ದಿನ ಜಾರಿದರೆ ಬೀಗದ ಕೈ ಒಪ್ಪಿಸುವ ದಿನವೂ ಜಾರುತ್ತದೆ. ಇದೇ ಕ್ರಿಟಿಕಲ್ ಪಾತ್, ಅದನ್ನು ಮುಟ್ಟಬೇಡಿ. ಬಿಲ್ ಮುಂದಿನ ವಾರದ ಶುಕ್ರವಾರ ಹೋದರೂ ನಡೆಯುತ್ತದೆ ಎಂದಾದರೆ ತಾಳೆ ನೋಡುವ ಕೆಲಸ ಮುಂದಿನ ಸೋಮವಾರಕ್ಕೆ ಹೋಗಲಿ.

ತಂತ್ರಾಂಶದ ‘ಲೆವೆಲ್’ ಗುಂಡಿಯೂ ಇದನ್ನೇ ಮಾಡುತ್ತದೆ. ಆದರೆ ಇರುವ ಬಿಡುವಿನೊಳಗೆ ಮಾತ್ರ ಸರಿಸುವ ಆಯ್ಕೆಯನ್ನು ಗುರುತಿಸಿಕೊಳ್ಳಿ, ಇಲ್ಲವಾದರೆ ಯೋಜನೆಯ ಕೊನೆಯ ದಿನವೇ ಮುಂದಕ್ಕೆ ಹೋಗಬಹುದು. ಕದಲಲೇಬಾರದ ಕೆಲಸಕ್ಕೆ ಆದ್ಯತೆ 1000 ಕೊಡಿ.

ಬಿಡುವೇ ಇಲ್ಲದಿದ್ದರೆ ಇನ್ನೊಬ್ಬರನ್ನು ಕೊಡಿ, ಇಲ್ಲವೇ ಗ್ರಾಹಕರಿಗೆ ಹೊಸ ದಿನಾಂಕವನ್ನು ಇವತ್ತೇ ತಿಳಿಸಿ. ರಾತ್ರಿ ಹತ್ತರವರೆಗೆ ಕೂರಿಸುವುದನ್ನು ನಾನು ದಾರಿ ಎಂದು ಒಪ್ಪುವುದಿಲ್ಲ. ಚೆನ್ನಾಗಿ ಮಾಡುವವರ ಹೆಸರಿನ ಮುಂದೆಯೇ ಕೆಲಸ ಗುಡ್ಡೆ ಬೀಳುತ್ತದೆ, ಅವರೇ ಮೊದಲು ರಾಜೀನಾಮೆ ಕೊಡುತ್ತಾರೆ. ಅಂಥವರ ಸಾಲನ್ನು ಪ್ರತಿ ಶುಕ್ರವಾರ ಅವರ ಜೊತೆ ಕೂತೇ ನೋಡಿ, ಮುಂದಿನ ವಾರದ ಗಂಟೆಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.