ಹೂವಿನ ಹೆಸರು ಕೇಳುವಾಗ ನೀವೇ ಹೆಸರು ಹೇಳಬೇಡಿ

ಬೇಲಿಗೆ ಹಬ್ಬುವ ಬಳ್ಳಿಯ ದೊಡ್ಡ ನೀಲಿ ಹೂ ಶಂಖಪುಷ್ಪ. ನೆಲಕ್ಕಂಟಿ ಬೆಳೆಯುವ ವಿಷ್ಣುಕ್ರಾಂತಿಯ ಹೂ ಅಂಗಿಯ ಗುಂಡಿಗಿಂತ ಚಿಕ್ಕದು, ಅದೂ ನೀಲಿಯೇ. ಇದನ್ನೂ ಕೆಲವರು ಶಂಖಪುಷ್ಪಿ ಎನ್ನುತ್ತಾರೆ. ಆದರೆ ಶಂಖಪುಷ್ಪ ಅವರೆಯ ಕುಟುಂಬದ್ದು, ವಿಷ್ಣುಕ್ರಾಂತಿ ಗೆಣಸಿನ ಕುಟುಂಬದ್ದು. ಊರೂರಿನ ಹೂಗಳ ಹೆಸರು ಸಂಗ್ರಹಿಸುವವರು ಸರಿಯಾಗಿ ವಿಚಾರಿಸದಿದ್ದರೆ ಎಡವುವುದು ಇಲ್ಲೇ.

ಮೊದಲು ಫೋಟೊ. ಹೂವು, ಎಲೆಯ ಎರಡೂ ಬದಿ, ಕಾಂಡ, ಕಾಯಿ, ಗಾತ್ರ ತಿಳಿಯಲು ಪಕ್ಕದಲ್ಲೊಂದು ನಾಣ್ಯ.

ಆಮೇಲೆ ವೈಜ್ಞಾನಿಕ ಹೆಸರು. ಮೊಬೈಲ್ ಆ್ಯಪ್ ಹೇಳಿದ್ದನ್ನು ಊಹೆ ಅಂತಷ್ಟೇ ತಗೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹದ ಮಾಹಿತಿ ಅಂತರ್ಜಾಲದಲ್ಲೇ ಸಿಗುತ್ತದೆ, ಅದರೊಂದಿಗೆ ಹೋಲಿಸಿ. ಇಂಗ್ಲಿಷ್ ಹೆಸರನ್ನು ಕನ್ನಡಕ್ಕೆ ತಿರುಗಿಸಲೇಬೇಡಿ. ಇಂಗ್ಲಿಷಿನ ‘ಬಟರ್‌ಫ್ಲೈ ಪೀ’ ನೋಡಿ ಶಂಖಪುಷ್ಪವನ್ನು ‘ಚಿಟ್ಟೆ ಬಟಾಣಿ’ ಎಂದರೆ ಹಳ್ಳಿಯಲ್ಲಿ ಯಾರಿಗೂ ಅರ್ಥವಾಗದು.

ಈಗ ಕಷ್ಟದ ಕೆಲಸ, ಜನರನ್ನು ಕೇಳುವುದು. “ಅಜ್ಜಿ, ಇದು ವಿಷ್ಣುಕ್ರಾಂತಿ ಅಲ್ವಾ?” ಎಂದು ಫೋನ್ ಹಿಡಿದು ಕೇಳುವವರನ್ನು ಎಷ್ಟೋ ಸಲ ನೋಡಿದ್ದೇನೆ. ದೂರದಿಂದ ಬಂದವರ ಮನಸ್ಸು ನೋಯಿಸಬಾರದೆಂದು ಅಜ್ಜಿ “ಹೂಂ ಕಣಪ್ಪ” ಎನ್ನುತ್ತಾರೆ. ತಪ್ಪು ಹೆಸರು ಪುಸ್ತಕ ಸೇರುತ್ತದೆ. ಹಾಗಾಗಿ “ಇದಕ್ಕೆ ಏನಂತೀರಿ?” ಎಂದಷ್ಟೇ ಕೇಳಿ, ಸುಮ್ನೆ ಕಾಯಿರಿ. ಫೋಟೊ ತೋರಿಸಿ ಕೇಳಬೇಡಿ, ಗಿಡದ ಹತ್ತಿರಕ್ಕೇ ಕರೆದೊಯ್ಯಿರಿ. ಹಳ್ಳಿಯವರು ಎಲೆ ಹಿಸುಕಿ, ಮೂಸಿ ಗುರುತು ಹಿಡಿಯುತ್ತಾರೆ. ಯಾವ ಹಬ್ಬಕ್ಕೆ ಮುಡಿಸುತ್ತೀರಿ, ದನ ಮೇಯುತ್ತದಾ, ಮದ್ದಿಗೆ ಬಳಸುತ್ತೀರಾ ಎಂದೂ ಕೇಳಿ. ಎಷ್ಟೋ ಸಲ ಮರೆತ ಹೆಸರು ಆ ಮಾತಿನ ನಡುವೆ ನೆನಪಾಗುತ್ತದೆ. ದನ ಮೇಯಿಸುವವರನ್ನು ಬಿಡಲೇಬೇಡಿ, ಅವರಿಗೆ ಜಾಸ್ತಿ ಗೊತ್ತು. ಕನಿಷ್ಠ ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಗುಂಪಿನಲ್ಲಿ ಹಿರಿಯರು ಹೇಳಿದ್ದಕ್ಕೇ ಎಲ್ಲರೂ ತಲೆಯಾಡಿಸುತ್ತಾರೆ.

ಕೊನೆಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: “ಇದೇ ಹೆಸರಿನ ಬೇರೆ ಗಿಡ ಇದೆಯಾ?” ಗೌರಿ ಹೂವನ್ನೇ ನೋಡಿ. ಮಳೆಗಾಲದಲ್ಲಿ ಬೆಂಕಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಗೂ ಆ ಹೆಸರಿದೆ, ಕರ್ಣಕುಂಡಲಕ್ಕೂ ಇದೆ. ಅಗ್ನಿಶಿಖೆಯ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷ ಇದೆ, ತಿಂದರೆ ಜೀವಕ್ಕೇ ಅಪಾಯ. ಮದ್ದಿನ ಮಾತು ಬಂದಾಗ ಬರೀ ‘ಗೌರಿ ಹೂ’ ಎಂದು ಬರೆದು ಬಿಡಬೇಡಿ, ಅಗ್ನಿಶಿಖೆಯಾದರೆ ಪಕ್ಕದಲ್ಲಿ ಅದರ ವೈಜ್ಞಾನಿಕ ಹೆಸರು ‘ಗ್ಲೋರಿಯೋಸಾ ಸುಪರ್ಬಾ’ ಎಂದು ಸೇರಿಸಿ.

ಮೂರು ಊರಲ್ಲಿ ಮೂರು ಹೆಸರು ಬಂದರೆ ಮೂರನ್ನೂ ಇಟ್ಟುಕೊಳ್ಳಿ. ಪ್ರತಿ ಹೆಸರಿನ ಮುಂದೆ ಊರು, ತಾಲ್ಲೂಕು, ತಿಂಗಳು ಬರೆಯಿರಿ. ಹೇಳಿದವರ ಉಚ್ಚಾರಣೆ ಹೇಗಿತ್ತೋ ಹಾಗೇ ಇರಲಿ, ತಿದ್ದಬೇಡಿ.